ಅಂಗದಾನವೂ ಕಾಯುವವರ ಸರದಿಯೂ

— ಅಂತಿಮ ಬಿ. ಎ. ತರಗತಿಯ ಒಬ್ಬ ವಿದ್ಯಾರ್ಥಿನಿ

ಈ ಸಲದ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ನಮ್ಮ ಕನ್ನಡದ ಅಧ್ಯಾಪಕರು ತರಗತಿಯಲ್ಲಿ ಹೇಳಿದಾಗ ಮೊದಲು ನನಗೆ ತೋಚಿದ ವಿಷಯ ಬೇಲೂರು-ಹಳೇಬೀಡಿನ ಪ್ರವಾಸ. ಆದರೆ ಆ ಪ್ರವಾಸಕ್ಕೆ ನಾನು ಹೋಗಲೇ ಇಲ್ಲ. ಅಂದು ಮಂಗಳವಾರ. ಮಂಗಳವಾರ ಮತ್ತು ಶುಕ್ರವಾರ ನಮ್ಮ ತಂದೆಯವರ ಡಯಾಲಿಸಿಸ್ ದಿನಗಳು. ಎರಡು ವರ್ಷ ಏಳು ತಿಂಗಳಿಂದ ನಮ್ಮ ಮನೆಯ ಪಂಚಾಂಗದಲ್ಲಿ ಉಳಿದಿರುವುದು ಇವೆರಡೇ ವಾರಗಳು. ಆದುದರಿಂದ ಕಾಣದ ಬೇಲೂರಿನ ವಿಚಾರ ಬಿಟ್ಟು, ಕಂಡುದನ್ನೇ ಬರೆಯುವುದು ಲೇಸೆಂದು ನಿಶ್ಚಯಿಸಿದೆ. ವೈದ್ಯಶಾಸ್ತ್ರ ನನ್ನ ಪಠ್ಯವಲ್ಲ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದುತ್ತಿರುವವಳು ನಾನು. ಆದರೂ ಈ ಮೂರು ಶಾಸ್ತ್ರಗಳಿಗೂ ಈ ವಿಷಯದಲ್ಲಿ ಸಾಕಷ್ಟು ಕೆಲಸವಿದೆಯೆಂಬುದನ್ನು ಓದುಗರು ಮುಂದೆ ಕಾಣುವರು.

ನಮ್ಮದು ತಿಪಟೂರು ಸೀಮೆಯ ಹಳ್ಳಿ. ತಂದೆಯವರು ಕೊಬ್ಬರಿಯ ಕೆಲಸದವರು. ಕಾಯಿ ಸುಲಿಯುವುದು, ಅಟ್ಟಕ್ಕೆ ಏರಿಸುವುದು, ವರ್ಷ ತುಂಬುವ ಹೊತ್ತಿಗೆ ಇಳಿಸಿ ಚಿಪ್ಪು ಬಿಡಿಸುವುದು, ಇವು ಅವರಿಗೆ ಚಿಕ್ಕಂದಿನಿಂದ ಬಂದ ಕಸುಬು. ಸ್ವಂತದ್ದೆಂದು ಮುಕ್ಕಾಲು ಎಕರೆ ತೋಟವಿದೆ. ಬಗ್ಗಿ ದುಡಿಯುವವರಿಗೆ ಸೊಂಟನೋವು ತಪ್ಪಿದ್ದಲ್ಲ. ಅಂಗಡಿಯಲ್ಲಿ ಸಿಗುವ ನೋವಿನ ಗುಳಿಗೆಯನ್ನು ನುಂಗಿ ಮತ್ತೆ ಬಗ್ಗುವುದು ಅವರ ರೂಢಿಯಾಗಿತ್ತು. ರಕ್ತದ ಒತ್ತಡ ಬಹುಕಾಲದಿಂದ ಏರಿದ್ದುದು ಯಾರಿಗೂ ತಿಳಿದಿರಲಿಲ್ಲ. ಏಕೆಂದರೆ ಅದನ್ನು ಯಾರೂ ಅಳೆದಿರಲಿಲ್ಲ. ಕಾಲು ಬಾತು, ಅನ್ನ ಸೇರದೆ ವಾಂತಿಯಾಗತೊಡಗಿದಾಗ ಪಿತ್ತವೆಂದು ಕಷಾಯ ಕುಡಿಸಿದೆವು. ಕೊನೆಗೆ ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಎರಡು ಮೂತ್ರಪಿಂಡಗಳೂ ಕುಗ್ಗಿಹೋಗಿವೆಯೆಂದು ಹೇಳಿದರು. ಒತ್ತಡವೇ ಮೂಲವೆಂದೂ ಗುಳಿಗೆಗಳು ಅದಕ್ಕೆ ಒತ್ತಾಸೆ ಕೊಟ್ಟವೆಂದೂ ಅವರ ಅಭಿಪ್ರಾಯ.

ಮೂತ್ರಪಿಂಡವೆಂದರೆ ಮುಷ್ಟಿಗಾತ್ರದ, ಸುಮಾರು ೧೫೦ ಗ್ರಾಂ ತೂಗುವ ಅಂಗ. ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮವಾದ ಸೋಸುಕಗಳಿವೆ. ಎರಡೂ ಸೇರಿ ದಿನವೊಂದಕ್ಕೆ ಹತ್ತಿರ ಹತ್ತಿರ ೧೮೦ ಲೀಟರು ದ್ರವವನ್ನು ಸೋಸಿ, ಬೇಕಾದುದನ್ನೆಲ್ಲ ಮರಳಿ ರಕ್ತಕ್ಕೆ ಸೇರಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಕಳುಹಿಸುತ್ತವೆ. ಇಷ್ಟೇ ಅಲ್ಲ, ರಕ್ತದ ಕೆಂಪು ಕಣಗಳು ಹುಟ್ಟಲು ಬೇಕಾದ ಪ್ರೇರಕ ರಸವೂ ಇಲ್ಲಿಂದಲೇ ಬರಬೇಕು. ಆದುದರಿಂದಲೇ ಈ ರೋಗಿಗಳು ಬಿಳಿಚಿಕೊಳ್ಳುವುದು.

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರುವವರು ಎಳನೀರು ತರುವುದು ವಾಡಿಕೆ. ಮೊದಲ ತಿಂಗಳಲ್ಲಿ ನಮ್ಮ ಜಗಲಿಯ ಮೇಲೆ ಎಳನೀರಿನ ರಾಶಿಯೇ ಬಿದ್ದಿತ್ತು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ. ಅದನ್ನು ಹೊರಹಾಕಲಾಗದ ಮೈಯಲ್ಲಿ ಅದು ಏರಿದರೆ ಹೃದಯವೇ ನಿಂತುಬಿಡಬಹುದು. ತೆಂಗಿನ ತೋಟದ ನಡುವೆ ಕುಳಿತವರಿಗೆ ಎಳನೀರೇ ವಿಷವೆಂದರೆ ಬಂದವರು ನಂಬುವುದು ಹೇಗೆ? ಬಾಳೆಹಣ್ಣೂ ಹಾಗೆಯೇ. ತರಕಾರಿಯನ್ನು ಹೆಚ್ಚಿ, ಬೇಯಿಸಿ, ಆ ನೀರನ್ನು ಚೆಲ್ಲಿ ಪಲ್ಯ ಮಾಡಬೇಕು. ಕುಡಿಯುವ ನೀರಿಗಂತೂ ಅಳತೆ. ಅಮ್ಮ ಬೆಳಿಗ್ಗೆ ಒಂದು ಸೀಸೆಯಲ್ಲಿ ಆ ದಿನದ ನೀರನ್ನು ತುಂಬಿಡುವರು. ಸಾರು, ಮಜ್ಜಿಗೆ, ಗುಳಿಗೆಯ ಗುಟುಕು ಎಲ್ಲಕ್ಕೂ ಅದರಿಂದಲೇ ಕಳೆಯಬೇಕು. ಯುಗಾದಿಯ ಬಿಸಿಲಿನಲ್ಲಿ ಆ ಸೀಸೆಯನ್ನು ತಂದೆಯವರು ನೋಡುತ್ತ ಕೂರುವುದನ್ನು ನೋಡಲಾರದೆ ನಾನು ಹೊಲದ ಕಡೆ ಹೋಗಿಬಿಡುತ್ತೇನೆ.

ಡಯಾಲಿಸಿಸ್ ಯಂತ್ರದ ಕಥೆ ಕೇಳತಕ್ಕದ್ದು. ಹಾಲೆಂಡ್ ದೇಶವು ಜರ್ಮನರ ಕೈಯಲ್ಲಿದ್ದ ೧೯೪೩ರಲ್ಲಿ ವಿಲ್ಲೆಂ ಕೋಲ್ಫ್ ಎಂಬ ತರುಣ ವೈದ್ಯರು, ಮಾಂಸದ ತಿನಿಸಿಗೆ ಹೊದಿಸುವ ಸೆಲೋಫೇನ್ ಕೊಳವೆಯನ್ನು ತಿರುಗುವ ಪೀಪಾಯಿಗೆ ಸುತ್ತಿ, ಅದರೊಳಗೆ ರೋಗಿಯ ರಕ್ತವನ್ನು ಹರಿಸಿ, ಉಪ್ಪಿನ ದ್ರಾವಣದಲ್ಲಿ ತೊಳೆದರು. ಮೊದಲ ರೋಗಿಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ೧೯೪೫ರಲ್ಲಿ ಒಬ್ಬ ವೃದ್ಧೆ ಬದುಕಿದಳು. ಆದರೆ ಪ್ರತಿಸಲವೂ ಹೊಸದಾಗಿ ರಕ್ತನಾಳವನ್ನು ಕೊಯ್ಯಬೇಕಾಗಿದ್ದುದರಿಂದ ಕೆಲವು ಸಲ ಮಾತ್ರ ಇದು ಸಾಧ್ಯವಾಗುತ್ತಿತ್ತು. ೧೯೬೦ರಲ್ಲಿ ಅಮೆರಿಕದ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ಮುಂಗೈಯಲ್ಲಿಯೇ ಉಳಿಯುವ ಟೆಫ್ಲಾನ್ ಕೊಳವೆಯೊಂದನ್ನು ಇಟ್ಟು, ಬೇಕೆಂದಾಗ ಯಂತ್ರಕ್ಕೆ ಜೋಡಿಸುವಂತೆ ಮಾಡಿದರು. ಅವರ ಮೊದಲ ರೋಗಿ ಹನ್ನೊಂದು ವರ್ಷ ಬದುಕಿದನು. ಆಮೇಲೆ ೧೯೬೬ರಲ್ಲಿ ನ್ಯೂಯಾರ್ಕಿನ ಬ್ರೆಸಿಯಾ, ಸಿಮಿನೋ ಮೊದಲಾದ ವೈದ್ಯರು ಕೊಳವೆಯೂ ಬೇಡವೆಂದು, ಕೈಯ ಅಪಧಮನಿಯನ್ನೂ ಅಭಿಧಮನಿಯನ್ನೂ ಒಂದಕ್ಕೊಂದು ಹೊಲಿದುಬಿಡುವ ಉಪಾಯವನ್ನು ಪ್ರಕಟಿಸಿದರು. ನಮ್ಮ ತಂದೆಯವರ ಎಡಗೈಯಲ್ಲಿರುವುದು ಇದೇ. ಅಲ್ಲಿ ಬೆರಳಿಟ್ಟರೆ ಒಳಗೆ ಜೇನು ಗುಂಯ್‌ಗುಟ್ಟಿದಂತೆ ಕಂಪನ. ಅದು ನಿಂತರೆ ನಾಳ ಹೆಪ್ಪುಗಟ್ಟಿತೆಂದು ಅರ್ಥ. ಅಮ್ಮ ದಿನವೂ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಕೂಡಲೆ ಬಂದು ಆ ಕೈಯನ್ನು ಮುಟ್ಟಿ ನೋಡಿ, “ಜೇನು ಇದೆ” ಎಂದು ಒಳಗೆ ಹೋಗುವರು.

ಇತಿಹಾಸದ ವಿದ್ಯಾರ್ಥಿಯ ಮನಸ್ಸನ್ನು ಹಿಡಿದು ನಿಲ್ಲಿಸುವ ಸಂಗತಿಯೊಂದು ಸಿಯಾಟಲಿನಲ್ಲಿಯೇ ನಡೆಯಿತು. ಯಂತ್ರಗಳು ಕೆಲವೇ, ಸಾಯುತ್ತಿದ್ದವರು ಅನೇಕರು. ಯಾರನ್ನು ಯಂತ್ರಕ್ಕೆ ಸೇರಿಸಬೇಕೆಂದು ನಿರ್ಣಯಿಸಲು ಊರಿನ ಏಳು ಜನರ ಸಮಿತಿಯನ್ನು ಮಾಡಿದರು. ಅದರಲ್ಲಿ ಒಬ್ಬ ಪಾದ್ರಿ, ಒಬ್ಬ ವಕೀಲ, ಒಬ್ಬ ಗೃಹಿಣಿ, ಒಬ್ಬ ಕಾರ್ಮಿಕ ಮುಖಂಡ ಮುಂತಾದವರಿದ್ದರು. ಅರ್ಜಿದಾರನಿಗೆ ಮಕ್ಕಳೆಷ್ಟು, ಸಂಪಾದನೆಯೆಷ್ಟು, ಚರ್ಚಿಗೆ ಹೋಗುವನೇ, ಊರಿಗೆ ಉಪಕಾರಿಯೇ ಎಂಬುದನ್ನೆಲ್ಲ ಇವರು ತೂಗುತ್ತಿದ್ದರು. ೧೯೬೨ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಶಾನಾ ಅಲೆಕ್ಸಾಂಡರ್ ಎಂಬಾಕೆ ಇದನ್ನು ಬರೆದಾಗ ಆ ದೇಶದಲ್ಲಿ ದೊಡ್ಡ ಚರ್ಚೆಯೆದ್ದಿತು. ಆ ಏಳು ಜನರನ್ನು ಹಳಿಯುವುದು ಸುಲಭ. ಅವರೂ ನಿದ್ರೆಗೆಟ್ಟಿರಬೇಕು. ಆದರೆ ನಾನು ಇದನ್ನು ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದಾಗ ತಂದೆಯವರು ಕೈತುತ್ತನ್ನು ಹಾಗೆಯೇ ಹಿಡಿದು, “ಆ ಸಮಿತಿ ನನ್ನನ್ನು ತೆಗೆದುಕೊಳ್ಳುತ್ತಿತ್ತೇನಮ್ಮ?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ೧೯೭೨ರಲ್ಲಿ ಅಮೆರಿಕದ ಸರ್ಕಾರ ಈ ಚಿಕಿತ್ಸೆಯ ವೆಚ್ಚವನ್ನು ತಾನೇ ವಹಿಸಿಕೊಳ್ಳಲು ಶಾಸನ ಮಾಡಿದ ಮೇಲೆ ಇಂಥ ಸಮಿತಿಗಳಿಗೆ ಕೆಲಸವಿಲ್ಲದಂತಾಯಿತು. ನಮ್ಮ ದೇಶದಲ್ಲಿಯೂ ೨೦೧೬ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾಯಿತು. ನಮ್ಮ ತಂದೆಯವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತವಾಗಿಯೇ ಆಗುತ್ತಿದೆ.

ಯಂತ್ರದ ಕೊರತೆ ನೀಗಿದ ಕಡೆಯೂ ಮೂತ್ರಪಿಂಡದ ಕೊರತೆ ಉಳಿಯಿತು. ವಾರಕ್ಕೆ ಎಂಟು ಗಂಟೆ ತೊಳೆಯುವ ಯಂತ್ರವು, ಹಗಲಿರುಳು ತೊಳೆಯುವ ಅಂಗಕ್ಕೆ ಸಮನಾಗಲಾರದು. ಇನ್ನೊಬ್ಬರ ಅಂಗವನ್ನು ಕೂಡಿಸುವುದಕ್ಕೆ ಕನ್ನಡದಲ್ಲಿ ‘ಕಸಿ’ ಎನ್ನುತ್ತೇವೆ. ಇದು ತೋಟದ ಮಾತು. ಮಾವಿಗೆ, ಸಪೋಟಕ್ಕೆ ಕಸಿ ಕಟ್ಟಬಹುದು. ನಮ್ಮ ತೆಂಗಿಗೆ ಮಾತ್ರ ಕಟ್ಟಲಾಗದು. ಅದರ ಕಾಂಡದಲ್ಲಿ ಕೂಡಿಕೊಳ್ಳುವ ಪದರವೇ ಇಲ್ಲ. ಮನುಷ್ಯನ ದೇಹವೂ ಬಹುಕಾಲ ತೆಂಗಿನಂತೆಯೇ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಸುಟ್ಟು ಗಾಯಗೊಂಡವರಿಗೆ ಪರರ ಚರ್ಮವನ್ನು ಹಚ್ಚಿದಾಗ ಅದು ಏಕೆ ಉದುರುವುದೆಂದು ಪೀಟರ್ ಮೆಡವಾರ್ ಎಂಬ ವಿಜ್ಞಾನಿ ಪರೀಕ್ಷಿಸಿದರು. ಅದೇ ದಾನಿಯ ಚರ್ಮವನ್ನು ಎರಡನೆಯ ಸಲ ಹಚ್ಚಿದರೆ ಇನ್ನೂ ಬೇಗ ಉದುರುತ್ತಿತ್ತು. ಅಂದರೆ ಮೈಗೆ ನೆನಪುಂಟು. ಪರಕೀಯವನ್ನು ಅದು ಗುರುತಿಟ್ಟುಕೊಳ್ಳುವುದು. ಈ ಕ್ಷೇತ್ರದ ಕೆಲಸಕ್ಕಾಗಿ ೧೯೬೦ರಲ್ಲಿ ಅವರಿಗೆ ಬರ್ನೆಟ್ ಅವರೊಡನೆ ನೊಬೆಲ್ ಪಾರಿತೋಷಕ ಬಂದಿತು. ಅಷ್ಟರಲ್ಲಿ ೧೯೫೪ರ ಡಿಸೆಂಬರ್ ೨೩ರಂದು ಬಾಸ್ಟನ್ನಿನಲ್ಲಿ ಜೋಸೆಫ್ ಮುರ್ರೆ ಎಂಬ ಶಸ್ತ್ರವೈದ್ಯರು ತದ್ರೂಪಿ ಅವಳಿಗಳಲ್ಲಿ ಒಬ್ಬನ ಮೂತ್ರಪಿಂಡವನ್ನು ಮತ್ತೊಬ್ಬನಿಗೆ ಇಟ್ಟು ಗೆದ್ದಿದ್ದರು. ಅವಳಿಯಾದುದರಿಂದ ಮೈ ಅದನ್ನು ಪರಕೀಯವೆನ್ನಲಿಲ್ಲ. ಅವಳಿಯಲ್ಲದವರ ಪಾಲಿಗೆ ದಾರಿ ತೆರೆದುದು ಔಷಧಗಳಿಂದ. ಸೈಕ್ಲೋಸ್ಪೋರಿನ್ ದೊರೆತದ್ದು ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ. ಟಾಕ್ರೋಲಿಮಸ್ ದೊರೆತದ್ದು ೧೯೮೪ರಲ್ಲಿ, ಜಪಾನಿನ ತ್ಸುಕುಬದ ಮಣ್ಣಿನ ಸೂಕ್ಷ್ಮಜೀವಿಯಿಂದ. ನಮ್ಮ ದೇಶದಲ್ಲಿ ವೆಲ್ಲೂರಿನ ವೈದ್ಯರು ೧೯೭೧ರಲ್ಲಿ ಮೂತ್ರಪಿಂಡದ ಕಸಿಯಲ್ಲಿ ಯಶಸ್ವಿಯಾದರು.

ಹೊಸ ಮೂತ್ರಪಿಂಡವನ್ನು ಹಳೆಯದರ ಜಾಗದಲ್ಲಿ ಇಡುವುದಿಲ್ಲ, ಕೆಳಹೊಟ್ಟೆಯ ಒಂದು ಪಕ್ಕದಲ್ಲಿಡುವರು. ಹಳೆಯವು ಸಾಮಾನ್ಯವಾಗಿ ಇದ್ದಲ್ಲಿಯೇ ಇರುವುವು. ಇದನ್ನು ಕೇಳಿ ನಮ್ಮ ಅಜ್ಜಿ, “ಹಾಗಾದರೆ ಇವನಿಗೆ ಮೂರಾಗುತ್ತದೆ, ಊರಿಗೆಲ್ಲ ಎರಡೇ” ಎಂದು ನಕ್ಕರು. ಆ ತಿಂಗಳಲ್ಲಿ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೊಂದೇ ಸಲ.

ಅಂಗ ಎಲ್ಲಿಂದ ಬರಬೇಕು? ೧೯೯೪ರ ಮಾನವ ಅಂಗಗಳ ಕಸಿ ಶಾಸನದ ಪ್ರಕಾರ ಜೀವಂತರಲ್ಲಿ ಸಮೀಪಬಂಧುಗಳು ಕೊಡಬಹುದು. ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು ಈ ಪಟ್ಟಿಗೆ ಸೇರುವರು. ೨೦೧೧ರ ತಿದ್ದುಪಡಿಯಿಂದ ಅಜ್ಜ ಅಜ್ಜಿ, ಮೊಮ್ಮಕ್ಕಳೂ ಸೇರಿದರು. ನಮ್ಮ ತಂದೆಯವರದು ಓ ಗುಂಪಿನ ರಕ್ತ. ಓ ಗುಂಪಿನವರು ಎಲ್ಲರಿಗೂ ಕೊಡಬಲ್ಲರು. ಪಡೆಯುವುದು ಮಾತ್ರ ತಮ್ಮವರಿಂದಲೇ. ಕೊಡಲು ಹಟ ಹಿಡಿದಿದ್ದ ಅಮ್ಮನದು ಎ ಗುಂಪು. ಇಂಥ ಎರಡು ಮನೆಗಳು ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು ೨೦೧೧ರಿಂದ ಶಾಸನದ ಒಪ್ಪಿಗೆಯುಂಟು. ಆದರೆ ಓ ಗುಂಪಿನ ದಾನಿಯಿರುವ ಮನೆಯವರಿಗೆ ಅದಲುಬದಲಿನ ಅಗತ್ಯವೇ ಅಪರೂಪ, ಆಕೆ ತನ್ನವರಿಗೆ ನೇರವಾಗಿಯೇ ಕೊಟ್ಟುಬಿಡುವಳು. ಅತ್ತೆಗೆ ಸಕ್ಕರೆ ಕಾಯಿಲೆ, ಅಜ್ಜಿಗೆ ಎಪ್ಪತ್ತನಾಲ್ಕು. ಉಳಿದವರು ಅಣ್ಣ ಮತ್ತು ನಾನು. ಇಬ್ಬರದೂ ಓ.

ಒಂದು ರಾತ್ರಿ ನೆಂಟರು ಸೇರಿದರು. ಅಣ್ಣ ಟ್ರಾಕ್ಟರು ಓಡಿಸಿ ಮನೆ ನಡೆಸುವವನು, ಅವನ ಮೈ ಗಟ್ಟಿಯಿರಬೇಕು. ಹುಡುಗಿಯಾದರೆ ಓದುವವಳು, ಕುಳಿತು ಮಾಡುವ ಕೆಲಸ, ಎಂದರು ಸೋದರಮಾವ. ಹೊಟ್ಟೆ ಕೊಯ್ದ ಹುಡುಗಿಯನ್ನು ಯಾರು ಮದುವೆಯಾಗುವರೆಂದು ಅಮ್ಮ. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ನಮ್ಮ ದೇಶದಲ್ಲಿ ಜೀವಂತ ದಾನಿಗಳಲ್ಲಿ ಹೆಚ್ಚಿನವರು ಸ್ತ್ರೀಯರು, ಪಡೆಯುವವರಲ್ಲಿ ಹೆಚ್ಚಿನವರು ಪುರುಷರು ಎಂದು ತರುವಾಯ ಓದಿದಾಗ ಆ ರಾತ್ರಿಯ ಮಾತುಗಳಿಗೆ ಊರು ನಮ್ಮದೊಂದೇ ಅಲ್ಲವೆಂದು ತಿಳಿಯಿತು. ಆಸ್ಪತ್ರೆಯಲ್ಲಿ ಮಾತ್ರ ಒಬ್ಬರು ನನ್ನನ್ನು ಒಂಟಿಯಾಗಿ ಕೂರಿಸಿಕೊಂಡು, “ನಿಮಗೆ ಇಷ್ಟವೇ?” ಎಂದು ಕೇಳಿದರು. ಹೌದೆಂದೆ. ಪ್ರೀತಿಯಿಂದ ಎಂದೆನೋ, ಅಲ್ಲವೆನ್ನುವ ಧೈರ್ಯವಿಲ್ಲದೆ ಎಂದೆನೋ, ಇಂದಿಗೂ ನಿಶ್ಚಯವಾಗಿ ಹೇಳಲಾರೆ. ಆದರೆ ತಂದೆಯವರೇ ಒಪ್ಪಲಿಲ್ಲ. “ಮಕ್ಕಳ ಮೈಯಿಂದ ತೆಗೆದದ್ದು ಬೇಡ” ಎಂದವರು ಆ ಮಾತನ್ನು ಮತ್ತೆ ಎತ್ತಗೊಡಲಿಲ್ಲ. ಹೀಗೆ ಮೃತರ ದಾನಕ್ಕಾಗಿ ಕಾಯುವ ಪಟ್ಟಿಗೆ, ಆಸ್ಪತ್ರೆಯ ಮೂಲಕ, ಅವರ ಹೆಸರು ಸೇರಿತು.

ಆ ದಿನಗಳಲ್ಲಿಯೇ ಹೋಟೆಲೊಂದರಲ್ಲಿ ಒಬ್ಬ ಮನುಷ್ಯ ನಮ್ಮ ಮೇಜಿಗೆ ಬಂದು ಕುಳಿತು, ಪಟ್ಟಿಯನ್ನು ನಂಬಿ ಕೂರಬೇಡಿ, ಮೂತ್ರಪಿಂಡವನ್ನು ತಾನು “ಹೊಂದಿಸಿ” ಕೊಡುವೆನೆಂದ. ಅವನು ಹೇಳಿದ ಮೊತ್ತ ನಮ್ಮ ತೋಟ ಮಾರಿದರೂ ಸಾಲದು. ಅಣ್ಣ ಸಾಲದ ಲೆಕ್ಕ ಹಾಕತೊಡಗಿದ. ಅರ್ಥಶಾಸ್ತ್ರದ ತರಗತಿಯಲ್ಲಿ ಬೇಡಿಕೆ ಹೆಚ್ಚಿ ಪೂರೈಕೆ ಕಡಿಮೆಯಾದರೆ ಬೆಲೆಯೇ ಅದನ್ನು ಸರಿದೂಗಿಸುವುದೆಂದು ಬರೆದು ಒಳ್ಳೆಯ ಅಂಕ ಪಡೆದವಳು ನಾನು. ಇರಾನಿನಲ್ಲಿ ೧೯೮೮ರಿಂದ ಸರ್ಕಾರದ ನಿಯಂತ್ರಣದಲ್ಲಿ ಹಣ ಕೊಟ್ಟು ಮೂತ್ರಪಿಂಡ ಪಡೆಯುವ ಪದ್ಧತಿಯೂ ಇದೆ. ನಮ್ಮಲ್ಲಿ ಹಾಗಿಲ್ಲ, ಅಂಗವ್ಯಾಪಾರಕ್ಕೆ ಐದರಿಂದ ಹತ್ತು ವರ್ಷ ಸೆರೆವಾಸ, ಇಪ್ಪತ್ತು ಲಕ್ಷದಿಂದ ಒಂದು ಕೋಟಿಯವರೆಗೆ ದಂಡ. ೧೯೯೪ಕ್ಕೆ ಮುಂಚೆ ಮದರಾಸು, ಬೆಂಗಳೂರು, ಮುಂಬಯಿಗಳಲ್ಲಿ ಬಡವರ ಮೂತ್ರಪಿಂಡಗಳು ಹೇಗೆ ಬಿಕರಿಯಾಗುತ್ತಿದ್ದವೆಂಬುದೇ ಈ ಶಾಸನದ ಹುಟ್ಟಿಗೆ ಕಾರಣ. ನಾನು ಇದನ್ನೆಲ್ಲ ಅಣ್ಣನಿಗೆ ಹೇಳಬೇಕೆಂದಿರುವಾಗ ತಂದೆಯವರು ಆ ಮನುಷ್ಯನನ್ನು, “ಕೊಡುವವನು ಯಾರು?” ಎಂದು ಕೇಳಿದರು. “ಯಾರೋ ಕೂಲಿಯವನು, ನಿಮಗೇಕೆ?” ಎಂದ. “ನಾನೂ ಕೂಲಿಯವನೇ” ಎಂದು ತಂದೆಯವರು ಎದ್ದರು. ಚಹಾ ಅರ್ಧದಲ್ಲಿಯೇ ಉಳಿಯಿತು. ಅಣ್ಣ ಎರಡು ದಿನ ಮನೆಯಲ್ಲಿ ಮಾತಾಡಲಿಲ್ಲ. ಅವನದೂ ತಪ್ಪೆನ್ನಲಾರೆ.

ಇನ್ನು ಮೃತರ ದಾನದ ವಿಚಾರ. ಮನೆಯಲ್ಲಿ ತೀರಿಕೊಂಡವರಿಂದ ಕಣ್ಣನ್ನು ಪಡೆಯಬಹುದು. ಮೂತ್ರಪಿಂಡ, ಯಕೃತ್ತು, ಹೃದಯಗಳಿಗೆ ರಕ್ತ ಹರಿಯುತ್ತಿರಬೇಕು. ತಲೆಗೆ ಪೆಟ್ಟು ಬಿದ್ದೋ ಮಿದುಳಿನಲ್ಲಿ ರಕ್ತಸ್ರಾವವಾಗಿಯೋ ಮಿದುಳು ಪೂರ್ಣವಾಗಿ, ಮರಳದಂತೆ ಸತ್ತಿರುವಾಗ, ಯಂತ್ರವು ಉಸಿರಾಡಿಸುತ್ತಿರುವಷ್ಟು ಹೊತ್ತು ಹೃದಯ ಮಿಡಿಯುತ್ತಿರುತ್ತದೆ. ಇದನ್ನು ಮರಣವೆಂದು ಎಣಿಸಬೇಕೆಂದು ೧೯೬೮ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಮಿತಿ ಸೂಚಿಸಿತು. ನಮ್ಮ ದೇಶದಲ್ಲಿ ೧೯೯೪ರ ಶಾಸನ ಅಂಗದಾನದ ಸಲುವಾಗಿ ಅದನ್ನು ಒಪ್ಪಿಕೊಂಡಿತು. ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸಹಿ ಹಾಕಬೇಕು. ಉಸಿರಿನ ಯಂತ್ರವನ್ನು ತುಸು ಹೊತ್ತು ಬಿಡಿಸಿ, ಮೈ ತಾನಾಗಿ ಉಸಿರೆಳೆಯುವುದೇ ಎಂದು ನೋಡುವುದೂ ಆ ಪರೀಕ್ಷೆಗಳಲ್ಲೊಂದು. ಮಂಪರಿನಲ್ಲಿ ವರ್ಷಗಟ್ಟಲೆ ಮಲಗಿದವರು ಬೇರೆ. ಅವರ ಉಸಿರು ಅವರದೇ. ಊರಿನಲ್ಲಿ ಇವೆರಡನ್ನೂ ಒಂದೆಂದು ತಿಳಿದು, ಬದುಕಿದ್ದವರನ್ನು ಕೊಯ್ಯುವರೆಂದು ಹೆದರುವವರಿದ್ದಾರೆ. ಆದುದರಿಂದ ಇದನ್ನು ಬಿಡಿಸಿ ಬರೆದೆ.

ಆಮೇಲೆ ಕೇಳುವುದು ಮನೆಯವರ ಒಪ್ಪಿಗೆಯನ್ನು. ೨೦೨೧ರ ಜೂನಿನಲ್ಲಿ ನಟ ಸಂಚಾರಿ ವಿಜಯ್ ಅವರು ಬೈಕ್ ಅಪಘಾತಕ್ಕೊಳಗಾಗಿ ಮಿದುಳು ನಿಷ್ಕ್ರಿಯವಾದಾಗ ಅವರ ಮನೆಯವರು ಅಂಗಗಳನ್ನು ದಾನ ಮಾಡಿದುದನ್ನು ಅನೇಕರು ಬಲ್ಲರು. ಒಪ್ಪಿಗೆ ದೊರೆತ ಕ್ಷಣದಿಂದ ಗಡಿಯಾರದ ಓಟ: ಹೃದಯಕ್ಕೆ ನಾಲ್ಕರಿಂದ ಆರು ಗಂಟೆ, ಮೂತ್ರಪಿಂಡ ಮಂಜುಗಡ್ಡೆಯ ತಂಪಿನಲ್ಲಿ ಒಂದು ದಿನದವರೆಗೂ ತಾಳಬಲ್ಲದು. ನಮ್ಮ ರಾಜ್ಯದಲ್ಲಿ ಹಂಚಿಕೆಯನ್ನು ನೋಡಿಕೊಳ್ಳುವ ಸಂಸ್ಥೆ ೨೦೦೭ರಲ್ಲಿ ಹುಟ್ಟಿತು; ಈಗ ಅದರ ಹೆಸರು ‘ಜೀವಸಾರ್ಥಕತೆ’. ರಕ್ತದ ಗುಂಪು, ಎಷ್ಟು ಕಾಲದಿಂದ ಡಯಾಲಿಸಿಸ್ ಎಂಬಂಥವನ್ನು ನೋಡಿ ಸರದಿ ಬರುತ್ತದೆ. ಮಕ್ಕಳೆಷ್ಟು, ದೇವಸ್ಥಾನಕ್ಕೆ ಹೋಗುವರೇ ಎಂದು ಯಾರೂ ಕೇಳುವುದಿಲ್ಲ. “ನಿಮ್ಮಪ್ಪನ ನಂಬರು ಎಷ್ಟಕ್ಕೆ ಬಂತು?” ಎಂದು ಊರವರು ನ್ಯಾಯಬೆಲೆ ಅಂಗಡಿಯ ಸಾಲೆಂಬಂತೆ ಕೇಳುತ್ತಾರೆ. ಈ ಸಾಲು ಹಾಗೆ ಒಂದೊಂದೇ ಹೆಜ್ಜೆ ಮುಂದೆ ಸರಿಯುವುದಲ್ಲ. ಯಾವ ಗುಂಪಿನವರ ಮನೆಯಲ್ಲಿ ಸಾವಾಗುವುದೋ, ಯಾರು ಒಪ್ಪುವರೋ!

ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ಹೆಸರು ಸೇರಿದ ಮೇಲೆ ನಾನು ಗ್ರಂಥಾಲಯದಲ್ಲಿ ವೃತ್ತಪತ್ರಿಕೆ ತೆರೆದರೆ ಮೊದಲು ನೋಡುತ್ತಿದ್ದುದು ಅಪಘಾತದ ಸುದ್ದಿಗಳನ್ನು. ಏಕೆ ನೋಡುತ್ತಿದ್ದೇನೆಂಬುದು ನನಗೆ ಅರಿವಾಗಲು ಕೆಲವು ವಾರಗಳೇ ಹಿಡಿದವು. ಹೆದ್ದಾರಿಯಲ್ಲಿ ಸತ್ತ ನನ್ನದೇ ವಯಸ್ಸಿನ ಹುಡುಗನೊಬ್ಬನ ಸುದ್ದಿಯನ್ನು ಓದುತ್ತ, ತಲೆಗೇ ಪೆಟ್ಟು ಬಿದ್ದಿತೇ ಎಂದು ಹುಡುಕುತ್ತಿದ್ದೆ. ಅಂದು ಪತ್ರಿಕೆಯನ್ನು ಮಡಿಸಿಟ್ಟವಳು ಬಹಳ ದಿನ ಆ ಮೇಜಿನ ಕಡೆ ಹೋಗಲಿಲ್ಲ. ಅಮ್ಮನಿಗೆ ಹೇಳಿದಾಗ ಅವರು ಅಚ್ಚರಿಪಡಲಿಲ್ಲ. ತಾವು ದೇವರಲ್ಲಿ “ಬೇಗ ಕೊಡು” ಎಂದು ಬೇಡುವುದನ್ನು ಬಿಟ್ಟು, “ಹೋಗಬೇಕಾದವರು ಹೋದಾಗ ಅವರ ಮನೆಯವರಿಗೆ ಮನಸ್ಸು ಕೊಡು” ಎಂದಷ್ಟೇ ಬೇಡುತ್ತಿರುವುದಾಗಿ ತಿಳಿಸಿದರು. ಅಜ್ಜಿಯೂ ಆ ದಿನವೇ, ಪೊರೆ ತೆಗೆಸಿದ ತಮ್ಮ ಕಣ್ಣುಗಳು ಯಾರಿಗಾದರೂ ಆಗುವುವೇ ಎಂದು ಕೇಳಿದರು. ವಿಚಾರಿಸಿದೆ, ಆಗುತ್ತವೆ. ಅವರಿಗೆ ಹೆಬ್ಬೆಟ್ಟೊತ್ತಲು ಕಾಗದ ತಂದುಕೊಟ್ಟಿದ್ದೇನೆ.

ಕಳೆದ ಕಾರ್ತಿಕದಲ್ಲಿ ಒಂದು ಗುರುವಾರ ರಾತ್ರಿ ಹತ್ತೂವರೆಗೆ ಕರೆ ಬಂದಿತು. ತಂದೆಯವರು ಮತ್ತೇನನ್ನೂ ತಿನ್ನಕೂಡದು, ಕೂಡಲೆ ಹೊರಡಬೇಕು. ಬಾಡಿಗೆ ಕಾರಿನಲ್ಲಿ ಬೆಂಗಳೂರಿಗೆ ಹೋದೆವು. ದಾರಿಯಲ್ಲಿ ಯಾರೂ ಮಾತಾಡಲಿಲ್ಲ. ಒಂದು ಮೂತ್ರಪಿಂಡಕ್ಕೆ ಮೂವರನ್ನು ಕರೆಸಿದ್ದರು. ಒಬ್ಬರಿಗೆ ಹೊಂದದಿದ್ದರೆ ಹೊತ್ತು ವ್ಯರ್ಥವಾಗಬಾರದೆಂದು ಹೀಗೆ ಕರೆಸುವರಂತೆ. ರೋಗಿಯ ರಕ್ತದ್ರವವನ್ನೂ ದಾನಿಯ ಜೀವಕೋಶಗಳನ್ನೂ ಬೆರಸಿ ನೋಡುವ ಪರೀಕ್ಷೆಗೆ ಗಂಟೆಗಳು ಬೇಕು. ಉಳಿದಿಬ್ಬರಲ್ಲಿ ಒಬ್ಬ ತರುಣ, ಒಬ್ಬ ನಡುವಯಸ್ಸಿನ ಹೆಂಗಸು. ಆಕೆ ಒಂಬತ್ತು ವರ್ಷದಿಂದ ಡಯಾಲಿಸಿಸ್‌ನಲ್ಲಿದ್ದವರು. ಮೂರೂ ಮನೆಯವರು ಒಂದೇ ಬೆಂಚಿನ ಮೇಲೆ ಕುಳಿತು, ಒಬ್ಬರ ಕೈಯ ಕಂಪನವನ್ನು ಒಬ್ಬರು ಮುಟ್ಟಿ ನೋಡಿಕೊಂಡರು. ದಾನಿ ಯಾರೆಂದು ನಮಗೆ ಹೇಳಲಿಲ್ಲ, ಹೇಳುವ ಪದ್ಧತಿಯೂ ಇಲ್ಲ. ಆದರೆ ಅದೇ ರಾತ್ರಿ ಎಲ್ಲಿಯೋ ಇನ್ನೊಂದು ಬೆಂಚಿನ ಮೇಲೆ ಇನ್ನೊಂದು ಮನೆಯವರು ಕುಳಿತಿದ್ದರೆಂಬುದು ನಮಗೆಲ್ಲರಿಗೂ ಗೊತ್ತಿತ್ತು. ಹಾಗಾಗಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ.

ಬೆಳಿಗ್ಗೆ ಐದೂವರೆಗೆ ಆ ಹೆಂಗಸಿನ ಹೆಸರು ಕರೆದರು. ಆಕೆ ಎದ್ದು ನಮ್ಮ ಕಡೆ ಕೈಮುಗಿದಾಗ ಏನು ಹೇಳಬೇಕೋ ತಿಳಿಯದೆ ಅಮ್ಮ ಆಕೆಯ ಸೆರಗನ್ನು ಸರಿಮಾಡಿ ಕಳುಹಿಸಿದರು. ರೈಲಿನಲ್ಲಿ ಬರುವಾಗ, ತುಮಕೂರು ದಾಟಿದ ಮೇಲೆ, ತಂದೆಯವರು “ಆಕೆಗೆ ಮಕ್ಕಳಿದ್ದಾವೇನೋ” ಎಂದರು. ಒಂದು ಕ್ಷಣ ಬಿಟ್ಟು ತಾವೇ, “ನೋಡು, ನಾನೂ ನಿನ್ನ ಆ ಸಮಿತಿಯವರ ಹಾಗೆಯೇ ಕೇಳಿದೆ” ಎಂದು ನಕ್ಕು, ಕಿಟಕಿಯ ಕಡೆ ತಿರುಗಿಕೊಂಡರು. ಅಂದು ಶುಕ್ರವಾರವಾದುದರಿಂದ ರೈಲಿನಿಂದ ಇಳಿದವರು ಮನೆಗೆ ಹೋಗದೆ ನೇರವಾಗಿ ಡಯಾಲಿಸಿಸ್‌ಗೆ ಹೋದೆವು. ನನಗೆ ಹನ್ನೊಂದು ಗಂಟೆಗೆ ರಾಜ್ಯಶಾಸ್ತ್ರದ ಕಿರುಪರೀಕ್ಷೆಯಿತ್ತು. ಅದನ್ನು ಮತ್ತೊಂದು ದಿನ 따로 ಬರೆಯಲು ಅಧ್ಯಾಪಕರು ಅವಕಾಶ ಕೊಟ್ಟರು. ಎರಡನೆಯ ಕರೆ ಇನ್ನೂ ಬಂದಿಲ್ಲ.